ಮೊದಲ ಸಾಲಿನ ಸೋಫಾ ಯಾರಿಗೆ?

ನಿನ್ನೆ ಹಾಸನದಲ್ಲಿ ನಮ್ಮ ಹೊಸ ನಾಟಕದ ಮೊದಲ ಪ್ರದರ್ಶನ ಆಯ್ತು. ಬಂದವರಿಗೆಲ್ಲ ಥ್ಯಾಂಕ್ಸ್. ಚೆನ್ನಾಗಿತ್ತು ಅಂತ ಎಷ್ಟೋ ಜನ ಮೆಸೇಜ್ ಹಾಕಿದ್ದೀರಿ, ಓದಿ ಹೊಟ್ಟೆ ತುಂಬಿತು. ಆದರೂ ಬೆಳಗ್ಗೆಯಿಂದ ಸಿಟ್ಟು ಇಳಿದಿಲ್ಲ. ಬರೆದೇಬಿಡ್ತೀನಿ.

ಸಿಟ್ಟು ಇರೋದು ಮೊದಲ ಸಾಲಿನ ಮೇಲೆ. ಬಿಳಿ ಟವೆಲ್ ಹೊದಿಸಿದ ಸೋಫಾಗಳು, ಮುಂದೆ ಟೀಪಾಯಿ, ಅದರ ಮೇಲೆ ನೀರಿನ ಬಾಟಲಿ, 'ಗಣ್ಯರಿಗೆ' ಅನ್ನೋ ಚೀಟಿ. ಆರೂವರೆಗೆ ಶುರುವಾಗಬೇಕಿದ್ದ ನಾಟಕ. ದೀಪ ಬೆಳಗಿ, ಹಾರ ಹಾಕಿ, ಶಾಲು ಹೊದಿಸಿ, ಭಾಷಣ ಮುಗಿಯೋ ಹೊತ್ತಿಗೆ ಎಂಟಾಗಿತ್ತು. ಮಾತಾಡಿದವರೆಲ್ಲ ರಂಗಭೂಮಿ ಉಳೀಬೇಕು ಅಂದರು. ನಾಟಕ ಶುರು ಅಂತ ಹೇಳೋ ಮೂರನೇ ಬೆಲ್ ಹೊಡೆಯೋದರೊಳಗೆ ಅಷ್ಟೂ ಜನ ಎದ್ದು ಹೋದರು. ಒಬ್ಬರೂ ಉಳಿಯಲಿಲ್ಲ.

ನೀವು ಕೂತ ಕಡೆಯಿಂದ ಇದು ಅಷ್ಟು ದೊಡ್ಡ ವಿಷಯ ಅನ್ನಿಸದೇ ಇರಬಹುದು. ನಾವು ನಿಂತ ಕಡೆ ಬಂದು ನಿಂತು ನೋಡಿ. ಎದುರಿನಿಂದ ಲೈಟು ಕಣ್ಣಿಗೆ ಹೊಡೀತಿರುತ್ತೆ, ಸಭಾಂಗಣ ಪೂರ್ತಿ ಕತ್ತಲು. ರಂಗದ ಬೆಳಕು ಚೆಲ್ಲಿ ಬೀಳೋದು ಮುಂದಿನ ಎರಡು ಮೂರು ಸಾಲಿಗೆ. ನಮಗೆ ಮುಖ ಅಂತ ಕಾಣೋದು ಅಷ್ಟೇ ಜನ. ಹಿಂದಿನವರನ್ನೆಲ್ಲ ನಾವು ಕಿವಿಯಲ್ಲಿ ಕಾಣ್ತೀವಿ: ಕೆಮ್ಮು, ಕುರ್ಚಿ ಕಿರುಗುಟ್ಟೋದು, ಬಳೆ ಸದ್ದು, ಎಲ್ಲೋ ಒಂದು ಮೂಲೆಯಲ್ಲಿ ಹುಟ್ಟಿ ಸಾಲುಸಾಲಾಗಿ ಹರಡೋ ನಗು. ನಾಟಕ ಬಿಗಿ ತಪ್ಪಿತು ಅಂತ ನಮಗೆ ಮೊದಲು ಹೇಳೋದೇ ಕೆಮ್ಮು. ಒಬ್ಬರು ಕೆಮ್ಮಿದರೆ ನೆಗಡಿ, ನಾಲ್ಕು ಕಡೆಯಿಂದ ಕೆಮ್ಮು ಬಂದರೆ ಜನಕ್ಕೆ ಬೇಸರ ಬಂದಿದೆ ಅಂತ ಲೆಕ್ಕ.

ಜನ ನಮ್ಮನ್ನ ನೋಡೋಕೆ ಬರ್ತಾರೆ, ಸರಿ. ಮೊದಲ ಪ್ರದರ್ಶನದ ದಿನ ನಾವೂ ಅಷ್ಟೇ ಆಸೆಯಿಂದ ಜನರನ್ನ ನೋಡೋಕೆ ಬಂದಿರ್ತೀವಿ. ಮೇಕಪ್ ಮುಗಿದವರು ಒಬ್ಬೊಬ್ಬರಾಗಿ ಸೈಡ್ ವಿಂಗ್‌ಗೆ ಬಂದು ಪರದೆ ಸಂದಿಗೆ ಕಣ್ಣಿಟ್ಟು ನಿಲ್ತೀವಿ. "ಎಡಗಡೆ ನೋಡೋ, ಹಸಿರು ಸ್ವೆಟರ್, ಇವರು ನಗೋ ಜನ." "ಆ ಅಜ್ಜಿ ಆಗಲೇ ಸೆರಗು ಕೈಗೆ ತಗೊಂಡಾಯ್ತು, ಗ್ಯಾರಂಟಿ ಅಳ್ತಾರೆ." ಮೊದಲ ನಗು ಯಾವ ಕಡೆಯಿಂದ ಬರುತ್ತೆ ಅಂತ ನಮ್ಮಲ್ಲಿ ಪಂದ್ಯ ಕಟ್ತಾರೆ, ಗೆದ್ದವರಿಗೆ ಮಸಾಲೆ ದೋಸೆ. ನಿನ್ನೆ ನಾನು ಬಲಗಡೆ ಅಂದಿದ್ದೆ, ಕೊನೇ ಸಾಲಿನಿಂದ ಬಂತು.

ಆ ಒಂದು ನಗುವಿಗೆ ಎಷ್ಟು ಕಾದಿರ್ತೀವಿ ಗೊತ್ತಾ? ರಿಹರ್ಸಲ್‌ನಲ್ಲಿ ನಮ್ಮ ಎದುರಿಗೆ ಇರೋದು ನಿರ್ದೇಶಕರು ಮತ್ತು ಟೀ ತರೋ ಹುಡುಗ. ಕೇಳಿ ಕೇಳಿ ಅವರಿಬ್ಬರೂ ನಗೋದು ನಿಂತು ಯಾವ ಕಾಲ ಆಗಿರುತ್ತೋ. ಆ ಮಾತಲ್ಲಿ ತಮಾಷೆ ಇದೆ ಅನ್ನೋದೇ ನಮಗೂ ಮರೆತಿರುತ್ತೆ. ಕತ್ತಲೊಳಗಿಂದ ನಗು ಎದ್ದಾಗ ಮೈ ಜುಂ ಅನ್ನುತ್ತೆ. ಅದರ ಬೆನ್ನಿಗೇ ಕಷ್ಟ ಶುರು. ನಗು ಏರ್ತಿರುವಾಗ ಮುಂದಿನ ಮಾತು ಆಡಿದರೆ ಯಾರಿಗೂ ಕೇಳಿಸಲ್ಲ. ಪೂರ್ತಿ ಇಳಿಯೋ ತನಕ ಕಾದರೆ ದೃಶ್ಯ ತಣ್ಣಗಾಗುತ್ತೆ. ಇಳಿಯೋಕೆ ಶುರುವಾಯ್ತು ಅನ್ನುವಾಗಲೇ ಮಾತು ಹಾಕಬೇಕು. ಇದನ್ನ ಯಾವ ನಿರ್ದೇಶಕರೂ ಕಲಿಸೋಕಾಗಲ್ಲ, ಕೂತವರೇ ಕಲಿಸಬೇಕು. ಕಲಿಯೋಕೆ ಎದುರಿಗೆ ಮುಖ ಬೇಕು. ಮುಖ ಇರಬೇಕಾದ ಕಡೆ ನಿನ್ನೆ ಟವೆಲ್ ಇತ್ತು.

ಎರಡನೇ ದೃಶ್ಯದಲ್ಲಿ ನನ್ನ ಪಾತ್ರ ಮುಂದೆ ಬಂದು ಜನರನ್ನೇ ಕೇಳಬೇಕು, "ನೀವೇ ಹೇಳಿ, ಇದರಲ್ಲಿ ನನ್ನ ತಪ್ಪೇನಿದೆ?" ಬಂದೆ, ಕೇಳಿದೆ. ಎದುರಿಗೆ ಇದ್ದದ್ದು ಅರ್ಧ ಕುಡಿದಿಟ್ಟ ನೀರಿನ ಬಾಟಲಿ ಮತ್ತು ಯಾರೋ ಮರೆತು ಹೋದ ಶಾಲು. ಆ ಹೊತ್ತಿಗೆ ಹಿಂದೆ ಗೋಡೆಗೆ ಒರಗಿಕೊಂಡು ಹಾಸ್ಟೆಲ್ ಹುಡುಗಿಯರ ಒಂದು ಗುಂಪು ನಿಂತೇ ನೋಡ್ತಿತ್ತು. ಸೋಫಾ ಕಡೆ ಬಂದವರನ್ನ ಸ್ವಯಂಸೇವಕರೊಬ್ಬರು ತಡೆದು ವಾಪಸ್ ಕಳಿಸಿದ್ದರಂತೆ. ಖಾಲಿ ಸೋಫಾಗೆ ಕಾವಲು!

ಮಧ್ಯಂತರದಲ್ಲಿ ನಮ್ಮ ಲೈಟಿನ ಹುಡುಗ ಹೋಗಿ ಆ ಚೀಟಿ ಕಿತ್ತು ಹುಡುಗಿಯರನ್ನ ಕರೆದು ಕೂರಿಸಿದ. ಆಮೇಲೆ ನಾಟಕವೇ ಬೇರೆ ಆಯ್ತು. ಒಂದು ಸೋಫಾದಲ್ಲಿ ಐದು ಜನ, ಒಬ್ಬರ ಭುಜದ ಮೇಲೆ ಇನ್ನೊಬ್ಬರ ಗಲ್ಲ. ಒಬ್ಬಳು ಎರಡೂ ಕಾಲು ಮೇಲಿಟ್ಟುಕೊಂಡು ಮೊಣಕಾಲು ತಬ್ಬಿ ಕೂತಿದ್ದಳು. ನಾಯಕಿ ಮನೆ ಬಿಟ್ಟು ಹೊರಡುವಾಗ ಆ ಹುಡುಗಿ ಸದ್ದಿಲ್ಲದೆ ತುಟಿಯಲ್ಲೇ "ಹೋಗ್ಬೇಡ, ಹೋಗ್ಬೇಡ" ಅಂತಿದ್ದಳು. ನನಗೆ ಸ್ಪಷ್ಟವಾಗಿ ಕಾಣಿಸ್ತು. ಯಾರಿಗೂ ಹೇಳದ ಒಂದು ಮಾತು ಹೇಳ್ತೀನಿ: ನಾನು ಪ್ರತಿ ಪ್ರದರ್ಶನದಲ್ಲೂ ಒಂದು ಮುಖ ಆರಿಸಿಕೊಂಡು ಪೂರ್ತಿ ನಾಟಕ ಅವರಿಗೇ ಆಡ್ತೀನಿ. ಅವರಿಗೆ ಅದು ಗೊತ್ತೂ ಆಗಲ್ಲ. ನಿನ್ನೆಯ ಉಳಿದರ್ಧ ನಾಟಕ ಅವಳದ್ದು.

ಭರತ ಮುನಿಯ ನಾಟ್ಯಶಾಸ್ತ್ರದ 27ನೇ ಅಧ್ಯಾಯ ಪೂರ್ತಿ ನಾಟಕ ಗೆದ್ದಿತೋ ಸೋತಿತೋ ಅನ್ನೋದರ ಬಗ್ಗೆಯೇ ಇದೆ. ಗೆದ್ದ ಗುರುತು ಯಾವುದು ಅಂತ ಹುಡುಕಿದರೆ ಅಲ್ಲಿ ಸಿಗೋದು ನೋಡುವವರು: ಮುಗುಳ್ನಗು, ಅರೆನಗು, ಜೋರು ನಗು, ಭೇಷ್ ಅನ್ನೋ ಹಾಗೆ 'ಸಾಧು' ಅನ್ನೋದು, 'ಅಹೋ' ಅನ್ನೋದು, 'ಕಷ್ಟಂ' ಅಂತ ಮರುಗೋದು, ರೋಮಾಂಚನ, ಕೂತಲ್ಲಿಂದ ಎದ್ದು ನಿಲ್ಲೋದು, ಬಟ್ಟೆ ಉಂಗುರ ತೆಗೆದು ಕೊಡೋದು. ನಮ್ಮ ಜಿಲ್ಲೆಯ ಹಳ್ಳಿಗಳ ಪೌರಾಣಿಕ ನಾಟಕದಲ್ಲಿ ಇದು ಇವತ್ತಿಗೂ ಹಾಗೇ ಇದೆ. ದುರ್ಯೋಧನ ಒಂದು ಕಂದಪದ್ಯ ಎತ್ತಿ ಹಾಡಿದರೆ ಹಾರ್ಮೋನಿಯಂ ಮೇಷ್ಟ್ರು ಮುಗಿಸೋದಕ್ಕೆ ಮೊದಲೇ ಯಾರೋ ಮೇಲೆ ಹತ್ತಿ ನೋಟಿನ ಹಾರ ಹಾಕಿರ್ತಾರೆ. ಅಲ್ಲಿ ರಂಗಕ್ಕೆ ಅಂಟಿಕೊಂಡ ಹಾಗೆ ಚಾಪೆ ಮೇಲೆ ಕೂರೋದು ಮಕ್ಕಳು. ಪಟ್ಟಣಕ್ಕೆ ಬಂದ ಕೂಡಲೇ ಆ ಜಾಗಕ್ಕೆ ಸೋಫಾ ಬಂದುಬಿಡುತ್ತೆ, ಯಾಕೆ?

ಗೊತ್ತು, ಕೆಲವರು ಹೇಳ್ತೀರಿ, ಗಣ್ಯರನ್ನ ಕರೆಯದೆ ಇದ್ದರೆ ದುಡ್ಡು ಎಲ್ಲಿಂದ ಬರುತ್ತೆ, ಸಭಾಂಗಣ ಯಾರು ಕೊಡಿಸ್ತಾರೆ ಅಂತ. ಸಹಾಯ ಮಾಡಿದವರ ಋಣ ನನಗೂ ಇದೆ. ಅವರಿಗೆ ಗೌರವ ಕೊಡೋಣ, ಹಾರ ಹಾಕೋಣ. ನಾಟಕ ಮುಗಿದ ಮೇಲೆ ಹಾಕೋಣ. ಕೊನೇವರೆಗೂ ಕೂತು ನೋಡ್ತೀನಿ ಅಂದರೆ ಮೊದಲ ಸಾಲೇ ಅವರಿಗಿರಲಿ, ಸಂತೋಷ. ನಾಟ್ಯಶಾಸ್ತ್ರದಲ್ಲಿ ನಾಟಕಕ್ಕೆ ತೀರ್ಪು ಹೇಳೋರ ಪಟ್ಟಿಯಲ್ಲಿ ರಾಜನೂ ಇದ್ದಾನೆ, ಬಿಲ್ಲುಗಾರ, ಚಿತ್ರಕಾರ, ಗಣಿಕೆಯರ ಜೊತೆಯಲ್ಲೇ. ರಾಜವೈಭವ ರಂಗದ ಮೇಲೆ ಸರಿಯಾಗಿ ಬಂದಿದೆಯಾ ಅಂತ ನೋಡೋದು ಅವನ ಕೆಲಸ. ಅಂದರೆ ರಾಜನಾದರೂ ಕೂತು ನಾಟಕ ನೋಡಬೇಕಿತ್ತು. ನಮ್ಮವರಿಗೆ ಏನಾಗಿದೆ?

ಇಷ್ಟು ಹೇಳಿದ್ದಕ್ಕೆ ನನ್ನನ್ನ ಮುಂದಿನ ಕಾರ್ಯಕ್ರಮಕ್ಕೆ ಕರೀದೇ ಇದ್ದರೂ ಪರವಾಗಿಲ್ಲ. ನಾವು ಮುಂದೆ ಆಡೋದು ಅರಸೀಕೆರೆಯಲ್ಲಿ. ಅಲ್ಲಿನ ಸಂಘಟಕರಿಗೆ ಬೆಳಗ್ಗೆಯೇ ಫೋನ್ ಮಾಡಿ ಹೇಳಿದ್ದೀನಿ: ಸೋಫಾ ಬೇಡ, ಮುಂದೆ ಜಮಖಾನ ಹಾಸಿ. ಸನ್ಮಾನ ಏನಿದ್ದರೂ ನಾಟಕ ಮುಗಿದ ಮೇಲೆ. ಅವರು ಒಪ್ಪಿದ್ದಾರೆ. ಆ ಕಡೆಯವರು ಮಕ್ಕಳನ್ನ ಕರ್ಕೊಂಡು ಬನ್ನಿ, ಮುಂದೆ ಬಂದು ಕೂತ್ಕೊಳ್ಳಿ, ಯಾರೂ ಎಬ್ಬಿಸಲ್ಲ.