ಎಳ್ಳು-ಬೆಲ್ಲ ಹಾಲಿಗೆ ಬದಲಿಯಲ್ಲ: ಒಂದು ಸ್ಪಷ್ಟನೆ

‘ಒಂದು ಚಮಚ ಎಳ್ಳು-ಬೆಲ್ಲದಲ್ಲಿ ಒಂದು ಲೋಟ ಹಾಲಿಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಮಕ್ಕಳಿಗೆ ಹಾಲು ಬೇಡ’ ಎಂಬ ಸಂದೇಶ ಸಂಕ್ರಾಂತಿಯ ಹೊತ್ತಿಗೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತದೆ. ಇದು ತಪ್ಪು.

ಸಿಪ್ಪೆಸಹಿತ ಎಳ್ಳಿನಲ್ಲಿ 100 ಗ್ರಾಂಗೆ ಸುಮಾರು 975 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಿಜ. ತೂಕಕ್ಕೆ ತೂಕ ಹೋಲಿಸಿದರೆ ಹಾಲು ಹಿಂದೆ ಬೀಳುತ್ತದೆ. ಆದರೆ 100 ಗ್ರಾಂ ಎಳ್ಳನ್ನು ಯಾರು ತಿನ್ನುತ್ತಾರೆ? ದೊಡ್ಡ ಚಮಚ ಎಳ್ಳು ಎಂದರೆ ಸುಮಾರು 9 ಗ್ರಾಂ; ಅದರಲ್ಲಿರುವುದು 90 ಮಿಲಿಗ್ರಾಂಗಿಂತ ಕಡಿಮೆ. 200 ಮಿಲಿಲೀಟರ್ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ.

ಇನ್ನೂ ಮುಖ್ಯ ಸಂಗತಿ ಬೇರೆಯೇ ಇದೆ. ನಮ್ಮ ಮನೆಯಲ್ಲಿ ಎಳ್ಳನ್ನು ನೆನೆಸಿ, ಗೋಣಿಚೀಲದ ಮೇಲೆ ಉಜ್ಜಿ, ಸಿಪ್ಪೆ ತೇಲಿಸಿ ಚೆಲ್ಲಿ, ಬಿಸಿಲಿಗೆ ಹರವಿ, ಬಾಣಲೆಯಲ್ಲಿ ಚಟಪಟ ಎನ್ನುವವರೆಗೆ ಹುರಿಯುತ್ತೇವೆ. ಎಳ್ಳಿನ ಬಹುಪಾಲು ಕ್ಯಾಲ್ಸಿಯಂ ಇರುವುದು ಆ ಚೆಲ್ಲಿದ ಸಿಪ್ಪೆಯಲ್ಲೇ, ಅದೂ ದೇಹಕ್ಕೆ ಸುಲಭವಾಗಿ ದಕ್ಕದ ಆಕ್ಸಲೇಟ್ ರೂಪದಲ್ಲಿ. ಸಿಪ್ಪೆ ತೆಗೆದ ಎಳ್ಳಿನಲ್ಲಿ 100 ಗ್ರಾಂಗೆ ಉಳಿಯುವುದು ಸುಮಾರು 60 ಮಿಲಿಗ್ರಾಂ. ಮೇಲಾಗಿ, ಎಳ್ಳು-ಬೆಲ್ಲದ ಚಮಚದಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಹಿಡಿಯುವುದು ಅಡಕತ್ತರಿಯಲ್ಲಿ ಕತ್ತರಿಸಿದ ಅಚ್ಚು ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜ.

ಎಳ್ಳು-ಬೆಲ್ಲ ನನಗೆ ಪ್ರಾಣ. ಎಣ್ಣೆಯಂಶ, ಪ್ರೋಟೀನ್, ಬೆಲ್ಲದ ಸಿಹಿ ಎಲ್ಲವೂ ಸೇರಿದ ಈ ಚಳಿಗಾಲದ ತಿನಿಸನ್ನು ಮಕ್ಕಳಿಗೆ ಧಾರಾಳವಾಗಿ ಕೊಡೋಣ. ಹಾಲಿನ ಲೋಟವನ್ನು ಮಾತ್ರ ಕಸಿದುಕೊಳ್ಳಬೇಡಿ. ಹಾಲು ಒಗ್ಗದ ಮಕ್ಕಳಿದ್ದರೆ ರಾಗಿ ಇದೆ: 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ.