ಮದುವೆ ಮುರಿದರೂ ಮುಚ್ಚಳಿಕೆ ಉಳಿದಿರುತ್ತದೆ

"ವಿಚ್ಛೇದನವಾಯಿತು, ಅವಳ ಪಾಡು ಅವಳಿಗೆ, ನನ್ನ ಪಾಡು ನನಗೆ. ಹೊಸ ಹೆಂಡತಿಯನ್ನು ಕರೆಸಿಕೊಳ್ಳಲು ಸರ್ಕಾರದ್ದೇನು ತಕರಾರು?" ಕೆನಡಾದಲ್ಲಿರುವ ನಮ್ಮವರ ಬಾಯಲ್ಲಿ ಈ ದೂರನ್ನು ಕೇಳಿ ಕೇಳಿ ಸಾಕಾಗಿದೆ. ನನಗಂತೂ ಇದರಲ್ಲಿ ಅನ್ಯಾಯ ಕಾಣುವುದಿಲ್ಲ. ಬೈಯುವವರು ಬೈಯಲಿ.

ಸ್ಪಾನ್ಸರ್ ಮಾಡುವಾಗ, ಅಂದರೆ ಹೊಣೆ ಹೊತ್ತು ಸಂಗಾತಿಯನ್ನು ಕೆನಡಾಕ್ಕೆ ಕರೆಸಿಕೊಳ್ಳುವಾಗ, ಮುಚ್ಚಳಿಕೆ ಬರೆದುಕೊಟ್ಟದ್ದು ಸರ್ಕಾರಕ್ಕೆ. ಸಂಗಾತಿಗೆ ಪಿಆರ್ (ಕಾಯಂ ನಿವಾಸದ ಹಕ್ಕು) ಸಿಕ್ಕ ದಿನದಿಂದ 3 ವರ್ಷ ಊಟ, ಬಟ್ಟೆ, ವಸತಿ ನನ್ನ ಹೊಣೆ ಎಂದು ಅದರಲ್ಲಿ ಸಹಿ ಹಾಕಿರುತ್ತೀರಿ. ನ್ಯಾಯಾಲಯ ಇಬ್ಬರನ್ನೂ ಬೇರೆ ಮಾಡಿದರೂ ಆ ಹೊಣೆ ಕಳಚುವುದಿಲ್ಲ. ಆ ಅವಧಿಯಲ್ಲಿ ಮಾಜಿ ಸಂಗಾತಿ ಸರ್ಕಾರದ ಸಾಮಾಜಿಕ ನೆರವು ಪಡೆದರೆ ಆ ಹಣ ನಿಮ್ಮ ತಲೆಯ ಮೇಲಿನ ಸಾಲ. ಅವಧಿ ಮುಗಿಯುವ ಮೊದಲು ಎರಡನೆಯವರಿಗಾಗಿ ಅರ್ಜಿ ಹಾಕುವಂತಿಲ್ಲ; ಸಾಲ ಬಾಕಿಯಿದ್ದರೆ ಅದು ತೀರುವವರೆಗೂ ಇಲ್ಲ. ದೇಶ ಬಿಟ್ಟು ಬಂದವಳನ್ನು ನಡುಬೀದಿಯಲ್ಲಿ ಬಿಟ್ಟು ಮತ್ತೊಬ್ಬಳನ್ನು ಕರೆತರಲು ಆತುರಪಡುವವನನ್ನು ಸ್ವಲ್ಪ ಕಾಯಿಸಿದರೆ ತಪ್ಪೇನು?

2012ರ ಅಕ್ಟೋಬರ್‌ನಲ್ಲಿ ತಂದ ಷರತ್ತು ಮಾತ್ರ ನಿಜಕ್ಕೂ ಕೆಟ್ಟದ್ದಾಗಿತ್ತು. ಮದುವೆಯಾಗಿ ಹೆಚ್ಚು ಕಾಲವಾಗದೆ, ಮಕ್ಕಳೂ ಇಲ್ಲದೆ ಬಂದವರು 2 ವರ್ಷ ಸ್ಪಾನ್ಸರ್ ಜೊತೆಗೇ ಬಾಳಬೇಕು, ಇಲ್ಲದಿದ್ದರೆ ಪಿಆರ್‌ಗೇ ಸಂಚಕಾರ. ದೌರ್ಜನ್ಯಕ್ಕೆ ಒಳಗಾದವರಿಗೆ ವಿನಾಯಿತಿ ಇತ್ತು, ನಿಜ. ಆದರೆ ಭಾಷೆ ಬಾರದ, ನೆಂಟರಿಲ್ಲದ ಹೆಣ್ಣುಮಗಳು ಅದನ್ನು ಯಾರ ಮುಂದೆ ಸಾಬೀತು ಮಾಡಬೇಕಿತ್ತು? 2017ರ ಏಪ್ರಿಲ್‌ನಲ್ಲಿ ಅದನ್ನು ಕಿತ್ತುಹಾಕಿದರು, ಒಳ್ಳೆಯದಾಯಿತು. ಆ ಷರತ್ತು ಬಂದವಳನ್ನು ಮನೆಯೊಳಗೆ ಕಟ್ಟಿಹಾಕುತ್ತಿತ್ತು. ಮುಚ್ಚಳಿಕೆ ಕಟ್ಟಿಹಾಕುವುದು ಕರೆಸಿಕೊಂಡವನ ಜೇಬನ್ನು.

ಹೀಗೆ ಸಂಗಾತಿ ಸ್ಪಾನ್ಸರ್ ಮಾಡಿದ್ದರಿಂದ ಬಂದವರು ಪಿಆರ್ ಸಿಕ್ಕಿ 5 ವರ್ಷವಾಗುವ ತನಕ ಇನ್ನೊಬ್ಬ ಸಂಗಾತಿಯನ್ನು ಕರೆಸುವಂತಿಲ್ಲ ಎಂಬ ನಿಯಮವೂ ಇದೆ. ನಡುವೆ ಪೌರತ್ವ ಸಿಕ್ಕರೂ ಅಷ್ಟೆ. ಹೊಡೆತ ತಿಂದು ಹೊರಬಂದವಳಿಗೂ ವೀಸಾಕ್ಕಾಗಿ ತಾಳಿ ಕಟ್ಟಿಸಿಕೊಂಡವಳಿಗೂ ಒಂದೇ ಅಳತೆ. ಇದು ನನಗೆ ಒಪ್ಪಿಗೆಯಿಲ್ಲ.

ನಮ್ಮವರು ಎಡವುವ ಇನ್ನೊಂದು ಜಾಗವಿದೆ. ಕೆನಡಾದಲ್ಲಿ 1 ವರ್ಷ ಬೇರೆ ಇದ್ದುದನ್ನು ತೋರಿಸಿದರೆ ವಿಚ್ಛೇದನ ಸಿಗುತ್ತದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಅಷ್ಟೇ ಸಾಲದು. ಎದುರು ಪಕ್ಷದವರು ಹಾಜರಾಗದೆ, ನಮ್ಮ ಕಾಯ್ದೆಯಲ್ಲಿಲ್ಲದ ಕಾರಣದ ಮೇಲೆ ಕೊಟ್ಟ ವಿದೇಶಿ ತೀರ್ಪನ್ನು ಒಪ್ಪಲಾಗದು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಅಂಥ ಕಾಗದ ಹಿಡಿದು ಭಾರತದಲ್ಲಿ ಎರಡನೆಯ ಮದುವೆಯಾದರೆ ಆ ಮದುವೆಯ ಸಿಂಧುತ್ವವೇ ಪ್ರಶ್ನೆಯಾಗುತ್ತದೆ. ಮದುವೆ ನಡೆದ ದೇಶದಲ್ಲಿ ಸಿಂಧುವಾಗದ್ದನ್ನು ಕೆನಡಾವೂ ಒಪ್ಪುವುದಿಲ್ಲ.

"ಮೊದಲ ಮದುವೆಯ ವಿಷಯ ಬರೆಯಲೇಬೇಡಿ" ಎಂದು ಬಿಟ್ಟಿ ಸಲಹೆ ಕೊಡುವ ಮಹಾನುಭಾವರಿದ್ದಾರೆ. ಹಳೆಯ ಕಡತ ಅದೇ ವಲಸೆ ಇಲಾಖೆಯಲ್ಲಿದೆ, ಸ್ವಾಮಿ! ಅರ್ಜಿಯಲ್ಲಿ ಹಿಂದಿನ ಸಂಬಂಧಗಳನ್ನು ನೇರವಾಗಿಯೇ ಕೇಳುತ್ತಾರೆ. ಸುಳ್ಳು ಹೇಳಿ ಸಿಕ್ಕಿಬಿದ್ದ ಅರ್ಜಿದಾರರಿಗೆ 5 ವರ್ಷ ಪ್ರವೇಶವಿಲ್ಲ.

ಸಂಬಂಧ ಕೂಡಿಸುವಾಗ ಹುಡುಗಿಯ ಕಡೆಯವರು ಸಂಬಳ ಕೇಳುತ್ತಾರೆ, ಸ್ವಂತ ಮನೆಯೇ ಎಂದು ಕೇಳುತ್ತಾರೆ. ಮೊದಲ ಹೆಂಡತಿಗೆ ಪಿಆರ್ ಸಿಕ್ಕ ದಿನಾಂಕವನ್ನೂ ಕೇಳಿ. ಅದಕ್ಕೆ 3 ವರ್ಷ ಕೂಡಿಸಿ, ಮೇಲೆ ಅರ್ಜಿ ವಿಲೇವಾರಿಯ ಕಾಲವನ್ನೂ ಸೇರಿಸಿ. ಮಗಳು ಎಷ್ಟು ದಿನ ತವರಿನಲ್ಲೇ ಕಾಯಬೇಕು ಎಂಬುದು ಆಗಲೇ ಗೊತ್ತಾಗುತ್ತದೆ.