ಗೊತ್ತಿದ್ದ ದೋಷ, ಮುಗಿದ ವಾರಂಟಿ: ಖರ್ಚು ಯಾರ ತಲೆಗೆ?

ಪರ: ಕಂಪನಿಯೇ ಕೊಡಬೇಕು
(ಮೂಡಿಗೆರೆಯ ಕಾಫಿ ಬೆಳೆಗಾರ)

ಕಳೆದ ಜುಲೈನಲ್ಲಿ ಧರ್ಮಸ್ಥಳದಿಂದ ವಾಪಸು ಬರುತ್ತಿದ್ದೆವು. ಮಳೆ ಹೊಯ್ಯುತ್ತಿತ್ತು. ಚಾರ್ಮಾಡಿ ಘಾಟಿಯ ತಿರುವೊಂದರಲ್ಲಿ ಕಾರು ಏಕಾಏಕಿ ನ್ಯೂಟ್ರಲ್‌ಗೆ ಬಿತ್ತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಗಾಡಿ ಹಿಂದಕ್ಕೆ ಜಾರುತ್ತದೆ. ಹಿಂದೆ ಬಸ್ಸು, ಪಕ್ಕದಲ್ಲಿ ಪ್ರಪಾತ, ಒಳಗೆ ಎಪ್ಪತ್ತೆರಡು ವರ್ಷದ ಅಮ್ಮ. ಹ್ಯಾಂಡ್‌ಬ್ರೇಕ್ ಎಳೆದು ಹಿಡಿದೆ. ಬಸ್ಸಿನ ಕಂಡಕ್ಟರ್ ಓಡಿ ಬಂದು ಚಕ್ರಕ್ಕೆ ಕಲ್ಲು ಕೊಟ್ಟರು.

ಕಾರಿಗೆ ಆಗ ಮೂರು ವರ್ಷ ಎರಡು ತಿಂಗಳು. ಮೂರು ವರ್ಷದ ವಾರಂಟಿ ಮುಗಿದು ಎರಡೇ ತಿಂಗಳಾಗಿತ್ತು.

ಕಂಪನಿಯ ಸರ್ವಿಸ್ ಸೆಂಟರಿನಲ್ಲಿ, ಗೇರು ಬದಲಿಸುವ ಆ್ಯಕ್ಚುಯೇಟರ್ ಹೋಗಿದೆ, 58,000 ರೂಪಾಯಿ ಎಂದರು. ನಾನು ವರ್ಕ್‌ಶಾಪಿನ ಒಳಗೇ ನಿಂತಿದ್ದೆ. ಬಿಚ್ಚಿದ ಹಳೆಯ ಭಾಗ ಎಣ್ಣೆ ಒಸರಿ ಜಿಡ್ಡುಜಿಡ್ಡಾಗಿ ಟ್ರೇಯಲ್ಲಿ ಬಿದ್ದಿತ್ತು. ಪಕ್ಕದಲ್ಲಿ ಹೊಸದರ ಪೆಟ್ಟಿಗೆ. ಎರಡರ ಮೇಲೂ ಒಂದೇ ಸಂಖ್ಯೆ, ಕೊನೆಯ ಅಕ್ಷರ ಮಾತ್ರ ಬೇರೆ. ಹಳೆಯದರಲ್ಲಿ ‘ಎ’, ಹೊಸದರಲ್ಲಿ ‘ಸಿ’. ಏನಿದು ಎಂದು ಕೇಳಿದೆ. ಮೆಕ್ಯಾನಿಕ್ ಹುಡುಗ ಮುಚ್ಚುಮರೆಯಿಲ್ಲದೆ ಹೇಳಿದ: ‘ಹಳೆಯದರಲ್ಲಿ ಸೀಲ್ ಸೋರುತ್ತಿತ್ತು ಸರ್. ಕಂಪನಿ ಎರಡು ಸಲ ಬದಲಾಯಿಸಿದೆ. ನಮಗೆ ಸುತ್ತೋಲೆ ಬಂದು ವರ್ಷದ ಮೇಲಾಯಿತು.’

ಆ ಸುತ್ತೋಲೆ ಬಂದ ಮೇಲೆ ನನ್ನ ಕಾರು ಎರಡು ಬಾರಿ ಅದೇ ಸರ್ವಿಸ್ ಸೆಂಟರಿಗೆ ಹೋಗಿತ್ತು, ವಾರಂಟಿ ಇರುವಾಗಲೇ. ಒಬ್ಬರೂ ಬಾಯಿ ಬಿಡಲಿಲ್ಲ. ಕಂಪನಿಗೆ ದೋಷ ಗೊತ್ತಾದ ದಿನ ವಾರಂಟಿ ಇತ್ತು, ನನಗೆ ಗೊತ್ತಾದ ದಿನ ಇರಲಿಲ್ಲ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಕಂಪನಿಗೆ ಗೊತ್ತಾದ ದಿನವನ್ನು. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಮನಸ್ಸು ಮಾಡಿದರೆ ಆಗದ ಕೆಲಸವೇನಲ್ಲ. 2018ರ ಮೇ ತಿಂಗಳಿನಿಂದ 2020ರ ಅಕ್ಟೋಬರ್‌ವರೆಗೆ ತಯಾರಾದ 1,81,754 ಪೆಟ್ರೋಲ್ ಕಾರುಗಳನ್ನು ಮಾರುತಿ ಸುಜುಕಿ 2021ರ ಸೆಪ್ಟೆಂಬರಿನಲ್ಲಿ ವಾಪಸು ಕರೆಸಿಕೊಂಡು, ಮೋಟಾರ್ ಜನರೇಟರ್ ಘಟಕವನ್ನು ಪರೀಕ್ಷಿಸಿ ಉಚಿತವಾಗಿ ಬದಲಿಸಿಕೊಡುವುದಾಗಿ ಪ್ರಕಟಿಸಿತು. ಎರಡು ವರ್ಷದ ವಾರಂಟಿ ದಾಟಿದ ಗಾಡಿಗಳೂ ಅದರಲ್ಲಿದ್ದವು. ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 110ಎ ಸೆಕ್ಷನ್, ಅಪಾಯ ತರಬಲ್ಲ ದೋಷವಿರುವ ವಾಹನಗಳನ್ನು ಹಿಂದಕ್ಕೆ ಕರೆಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮ ಏಳು ವರ್ಷದೊಳಗಿನ ವಾಹನಗಳಿಗೆ ಅನ್ವಯಿಸುತ್ತದೆ. ಸರ್ಕಾರ ಏಳು ಎಂದದ್ದನ್ನು ಕಂಪನಿ ಮೂರಕ್ಕೆ ಮುಗಿಸಬಹುದೇ?

ಎಸ್ಟೇಟ್ ರಸ್ತೆಯಲ್ಲಿ ಓಡಿಸಿ ನೀವೇ ಹಾಳು ಮಾಡಿದಿರಿ ಎನ್ನುವವರು ಇದ್ದೇ ಇರುತ್ತಾರೆ. ಸೀಲ್ ಸೋರಿದ್ದಕ್ಕೂ ನಮ್ಮೂರಿನ ರಸ್ತೆಯ ಗುಂಡಿಗೂ ಏನು ಸಂಬಂಧ ಎಂದು ಅವರೇ ಹೇಳಲಿ. ಕೊನೆಗೆ ‘ಗುಡ್‌ವಿಲ್’ ಎಂದು ಬಿಡಿಭಾಗದ ಬೆಲೆಯಲ್ಲಿ ಶೇ 30 ಬಿಟ್ಟರು. ದಾನ ಕೇಳಲು ನಾನು ಹೋಗಿರಲಿಲ್ಲ. ಉಳಿದ ಶೇ 70 ನನಗೆ ಬರಬೇಕಾದ ಬಾಕಿ.

ವಿರೋಧ: ಕರಾರು ಕರಾರೇ
(ಹಾಸನದ ಗ್ಯಾರೇಜ್ ಮಾಲೀಕ)

ಈ ಪಕ್ಷ ವಹಿಸಿ ಬರೆಯಿರಿ ಎಂದು ಕೇಳಿದರು, ಒಪ್ಪಿಕೊಂಡೆ. ಬಿ.ಎಂ. ರಸ್ತೆಯಲ್ಲಿ 22 ವರ್ಷಗಳಿಂದ ಗ್ಯಾರೇಜ್ ನಡೆಸುತ್ತಿದ್ದೇನೆ.

ವಾರಂಟಿ ಎಂದರೆ ಕರಾರು. ಇಷ್ಟು ವರ್ಷ, ಇಷ್ಟು ಕಿಲೋಮೀಟರ್ ಎಂದು ಒಪ್ಪಿಯೇ ಗಾಡಿ ತೆಗೆದುಕೊಂಡಿರುತ್ತೇವೆ. ಹೆಚ್ಚು ಬೇಕೆನ್ನುವವರಿಗೆ ವಿಸ್ತರಿತ ವಾರಂಟಿ ಸಿಗುತ್ತದೆ. ಗುಜರಿಗೆ ಹೋಗುವವರೆಗೂ ಕಂಪನಿಯೇ ನೋಡಿಕೊಳ್ಳಲಿ ಎಂದರೆ ಆ ಖರ್ಚು ಮುಂದೆ ಕಾರು ಕೊಳ್ಳುವವನ ಬೆಲೆಗೆ ಸೇರುತ್ತದೆ.

ದೋಷ ಯಾವುದು, ಸವೆತ ಯಾವುದು ಎಂದು ಹೇಳುವುದೂ ಸುಲಭವಲ್ಲ. ಸಕಲೇಶಪುರದ ಕಡೆಯ ಗ್ರಾಹಕರೊಬ್ಬರು ಸ್ಟಾರ್ಟ್ ಆಗದ ಕಾರನ್ನು ಎಳೆಸಿಕೊಂಡು ತಂದರು. ತಯಾರಿಕಾ ದೋಷವೆಂದು ನೋಟಿಸ್ ಕೊಡಲು ವಕೀಲರನ್ನೂ ಗೊತ್ತು ಮಾಡಿದ್ದರು. ಬಾನೆಟ್ ಎತ್ತಿದೆ. ಬ್ಯಾಟರಿಯ ಕೆಳಗೆ ಅಡಿಕೆ ಸಿಪ್ಪೆ, ಒಣಹುಲ್ಲು, ಗೋಣಿಯ ನಾರು ಸೇರಿಸಿ ಇಲಿ ಗೂಡು ಕಟ್ಟಿತ್ತು. ಸೆನ್ಸರಿನ ವೈರು ಎರಡು ಕಡೆ ತುಂಡು. ಕಾಫಿ ಮೂಟೆ ಇಡುವ ಶೆಡ್ಡಿನಲ್ಲೇ ಗಾಡಿ ನಿಲ್ಲಿಸುತ್ತಿದ್ದರಂತೆ. 600 ರೂಪಾಯಿಯಲ್ಲಿ ಸರಿಹೋಯಿತು. ಆದರೂ ಅವರು ಹೋಗುವಾಗ ಕಂಪನಿಯನ್ನೇ ಬೈದರು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ತಯಾರಕರ ಉತ್ಪನ್ನ ಹೊಣೆಯ, ಅಂದರೆ ದೋಷದ ವಸ್ತುವಿನಿಂದಾದ ಹಾನಿಗೆ ಪರಿಹಾರ ಕೊಡುವ ಹೊಣೆಯ, ಅಧ್ಯಾಯವಿದೆ. ಅದಕ್ಕೆ ಸಂಬಂಧಿಸಿದ ‘ಹಾನಿ’ಯ ವ್ಯಾಖ್ಯೆಯಲ್ಲಿ ಉತ್ಪನ್ನಕ್ಕೇ ಆದ ಹಾನಿ ಸೇರುವುದಿಲ್ಲ, ವಕೀಲರಾದ ನನ್ನ ಭಾವಮೈದುನ ಓದಿ ತೋರಿಸಿದರು. ಕಾಲು ಮುರಿದರೆ ಒಂದು ಲೆಕ್ಕ, ಗೇರ್‌ಬಾಕ್ಸ್ ಮುರಿದರೆ ಇನ್ನೊಂದು.

ಕಂಪನಿಗೆ ಮೊದಲೇ ಗೊತ್ತಿತ್ತು ಎನ್ನುತ್ತಾರೆ. ಬಿಡಿಭಾಗವನ್ನು ಸುಧಾರಿಸಿದ್ದೇ ತಪ್ಪೊಪ್ಪಿಗೆ ಎಂದಾದರೆ ಸುಧಾರಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಅದಕ್ಕಿಂತ ಹೆಚ್ಚು ಹೇಳಲು ನನ್ನಲ್ಲಿಲ್ಲ; ಸುತ್ತೋಲೆಗಳು ನಮ್ಮಂಥ ಗ್ಯಾರೇಜಿಗೆ ಬರುವುದಿಲ್ಲ.

ಒಂದನ್ನು ಮಾತ್ರ ಮುಚ್ಚಿಡಲಾರೆ. ಒಂದೇ ಮಾದರಿಯ ಮೂರನೆಯ ಕಾರು ಅದೇ ಭಾಗ ಹೋಗಿ ನನ್ನ ಶೆಡ್ಡಿಗೆ ಬಂದರೆ, ಬಿಲ್ಲಿನಲ್ಲಿ ನನ್ನ ಕೂಲಿ ಹಾಕಲು ಕೈ ಬರುವುದಿಲ್ಲ. ಈ ವರ್ಷ ಅಂಥ ಎರಡು ಬಿಲ್ಲು ಬರೆದಿದ್ದೇನೆ.